ಬಸಿಯ ಚಹಾ, ಬಾಟಲಿಯ ಕಾಫಿ

ಮಗಳ ಕಂಪಾಸ್ ಡಬ್ಬಿಯನ್ನು ನಾನು ತೆರೆದದ್ದು ಪತ್ತೇದಾರಿಕೆಗಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಇದನ್ನು ನಂಬಿಲ್ಲ. ಗಂಗಾವತಿಯ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಅವತ್ತು ರಜೆ ಹಾಕಿ, ಮನೆಗೆ ತಂದಿದ್ದ ರಿಜಿಸ್ಟರಿಗೆ ಗೆರೆ ಎಳೆಯುತ್ತ ಕುಳಿತಿದ್ದೆ. ಸ್ಕೇಲು ಸಿಗಲಿಲ್ಲ. ಮಗಳು ಗಡಿಬಿಡಿಯಲ್ಲಿ ಡಬ್ಬಿಯನ್ನು ಮೇಜಿನ ಮೇಲೆಯೇ ಮರೆತು ಹೋಗಿದ್ದಳು. ತೆರೆದರೆ ಕೈವಾರ, ಕೋನಮಾಪಕ, ಮೊಂಡು ಪೆನ್ಸಿಲ್, ಅವುಗಳ ಕೆಳಗೆ ಒತ್ತೊತ್ತಾಗಿ ಮಡಿಸಿಟ್ಟ ಎಂಟು ಕಾಫಿ ಪುಡಿ ಪ್ಯಾಕೆಟ್. ಕಿರಾಣಿ ಅಂಗಡಿಯ ಬಾಗಿಲಿಗೆ ಸರದ ಹಾಗೆ ತೂಗುಹಾಕಿರುತ್ತಾರಲ್ಲ, ಹರಿದು ಬಿಸಿನೀರಿಗೆ ಸುರಿಯುವಂಥವು, ಅವೇ.

ಇದರಲ್ಲೇನು ದೊಡ್ಡ ವಿಷಯ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ಇದು ದೊಡ್ಡದೇ. ಹತ್ತನೇತ್ತೆ, ಅಂದರೆ ಹತ್ತನೇ ತರಗತಿ, ಮುಗಿಯುವವರೆಗೆ ಮಕ್ಕಳಿಗೆ ಚಹಾ ಇಲ್ಲ, ಕಾಫಿ ಇಲ್ಲ, ಫ್ರಿಜ್ಜಿನಲ್ಲಿಟ್ಟು ಮಾರುವ ಆ ಡಬ್ಬಿ ಪಾನೀಯಗಳಂತೂ ಇಲ್ಲವೇ ಇಲ್ಲ ಎಂಬುದು ನಾನೇ ಮಾಡಿದ ಕಾನೂನು. ಮಾಡಿದವಳು ದಿನಕ್ಕೆ ಮೂರು ಸಲ ಚಹಾ ಕುಡಿಯುತ್ತಾಳೆ. ನನ್ನ ಗಂಡ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಸೂಪರ್‌ವೈಸರ್. ಅವರು ಅಲ್ಲಿ ಎಷ್ಟು ಕುಡಿಯುತ್ತಾರೋ ಅವರಿಗೂ ಗೊತ್ತಿಲ್ಲ. ಮನೆಗೆ ಬಂದ ಕೂಡಲೇ ಮಾತ್ರ ಇವತ್ತು ಚಹಾನೇ ಕುಡಿದಿಲ್ಲ ಎನ್ನುತ್ತಾರೆ. ಇಂಥ ಇಬ್ಬರ ನಡುವೆ ಒಂಬತ್ತನೇತ್ತೆ ಓದುವ ಸ್ಫೂರ್ತಿ ಎಂಬ ಹುಡುಗಿ ಹದಿನಾಲ್ಕು ವರ್ಷ ಹಾಲು ಕುಡಿದುಕೊಂಡು ಬೆಳೆದಿದ್ದಳು. ಬೆಳೆದಿದ್ದಾಳೆ ಎಂದು ನಾನು ತಿಳಿದಿದ್ದೆ.

ಮೊದಲು ಸಿಟ್ಟು ಬಂತು. ಎರಡು ವಾರದಿಂದ ಅವಳು ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಮಾತೆತ್ತಿದರೆ ಸಿಡುಕು. ಅಂದರೆ ಕಾರಣ ಇಲ್ಲೇ ಕೋನಮಾಪಕದ ಕೆಳಗಿತ್ತು. ರಿಜಿಸ್ಟರು ಪಕ್ಕಕ್ಕಿಟ್ಟು ಅರ್ಧ ಗಂಟೆಯಾದರೂ ನಡೆಯುವ ಭಾಷಣವೊಂದನ್ನು ಮನಸ್ಸಿನಲ್ಲೇ ಸಿದ್ಧಪಡಿಸತೊಡಗಿದೆ. ಮೊದಲನೇ ವಾಕ್ಯ ತಾನಾಗಿ ಬಂತು: ‘ನಿನ್ನ ವಯಸ್ಸಿನ್ಯಾಗ ನಾವು ಚಾದ ಮಾರಿ ನೋಡಿರಲಿಲ್ಲ.’ ಎರಡನೇ ವಾಕ್ಯಕ್ಕೆ ಹೋಗಲಾಗಲಿಲ್ಲ. ಮೊದಲನೆಯದೇ ಅಪ್ಪಟ ಸುಳ್ಳಾಗಿತ್ತು.

ನಾನು ಬೆಳೆದದ್ದು ಯಲಬುರ್ಗಾದಲ್ಲಿ. ಅಪ್ಪ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರ. ನಮ್ಮ ಕಡೆ ಕೂಸಿಗೆ ಹಲ್ಲು ಬರುವ ಮೊದಲೇ ಚಹಾ ಬರುತ್ತದೆ. ಅಜ್ಜಿಯರು ಟೋಸ್ಟನ್ನು ಚಹಾದಲ್ಲಿ ಅದ್ದಿ ಮೆತ್ತಗೆ ಮಾಡಿ ಬಾಯಿಗಿಡುತ್ತಾರೆ. ಅಪ್ಪನಿಗೆ ಇದು ಕಂಡರಾಗದು. ಹೊಟ್ಟೆಗೆ ಬರೀ ಚಹಾ ಬಿಟ್ಟುಕೊಂಡು ಬಂದ ಮಕ್ಕಳು ಹತ್ತೂವರೆಗೆಲ್ಲ ಪಾಟಿಯ ಮೇಲೆ ತಲೆಯಿಟ್ಟು ಮಲಗುವುದನ್ನು ಅವನು ದಿನಾ ನೋಡುತ್ತಿದ್ದ. ಅದಕ್ಕೇ ನಮ್ಮ ಮನೆಯಲ್ಲಿ ಆ ಕಾನೂನು. ಹತ್ತನೇತ್ತೆ ಪಾಸಾದ ದಿನ ತಾನೇ ಕೈಯಾರೆ ಚಹಾ ಮಾಡಿ ಕೊಡುತ್ತೇನೆ, ಅಲ್ಲಿಯವರೆಗೆ ಕೇಳಬಾರದು ಎಂದಿದ್ದ. ಕಾಫಿಯ ಪ್ರಶ್ನೆಯೇ ಇರಲಿಲ್ಲ. ಕಾಫಿ ಪುಡಿಯ ಡಬ್ಬಿಯನ್ನು ಅವ್ವ ಔಷಧದ ಗೂಡಿನಲ್ಲಿ ಇಡುತ್ತಿದ್ದಳು. ತಲೆ ಸಿಡಿಯುತ್ತಿದ್ದವರಿಗೆ, ಇಲ್ಲವೇ ಮನೆಗೆ ಬಂದ ಸಾಹೇಬರಿಗೆ ಮಾತ್ರ ಅದು ಹೊರಗೆ ಬರುತ್ತಿತ್ತು. ಹೀಗಾಗಿ ಕಾಫಿ ಕುಡಿಯುವವರಿಗೆಲ್ಲ ಏನೋ ಕಾಯಿಲೆ ಇರುತ್ತದೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಸಾಹೇಬರನ್ನು ಕನಿಕರದಿಂದ ನೋಡುತ್ತಿದ್ದೆ.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಜೈತುನಬಿಯವರದು. ಓಣಿಯ ಮಕ್ಕಳಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿದು ಕೊಡುವುದು ಆಕೆಯ ಕಸುಬು. ಕೈ ಚುರುಕು, ಕಣ್ಣು ಮಂದ. ಹೊಲಿಗೆ ಆಕೆಗೆ ಕಷ್ಟವಾಗುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸುವುದಾಗುತ್ತಿರಲಿಲ್ಲ. ಆ ಕೆಲಸಕ್ಕೆ ನಾನಿದ್ದೆ. ಶಾಲೆ ಬಿಟ್ಟು ಬಂದವಳೇ ಖಾಲಾನ ಮನೆಗೆ ಓಡಿ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಸಾಲಾಗಿ ಚುಚ್ಚಿಡಬೇಕು. ಮರುದಿನ ಸಂಜೆಯವರೆಗೆ ಆಕೆಗೆ ಸಾಕಾಗುತ್ತಿತ್ತು. ಅಷ್ಟರಲ್ಲಿ ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತಿತ್ತು. ಶುಂಠಿ ಜಜ್ಜಿ ಹಾಕಿ, ಹಾಲು ಕೆನೆಗಟ್ಟುವವರೆಗೆ ಕಾಯಿಸಿದ ಚಹಾ. ಆ ವಾಸನೆಗೆ ನನ್ನ ಕೈಯಲ್ಲಿದ್ದ ಸೂಜಿಯ ಕಣ್ಣು ಎರಡೆರಡಾಗಿ ಕಾಣುತ್ತಿತ್ತು.

ನನಗಾಗ ಒಂಬತ್ತೋ ಹತ್ತೋ ವರ್ಷ. ಅಪ್ಪನ ಕಾನೂನು ಖಾಲಾನಿಗೂ ಗೊತ್ತಿತ್ತು. ಕೆಲವು ದಿನ ನನ್ನ ಮುಖ ನೋಡಿ ನೋಡಿ, ಒಂದು ಸಂಜೆ ತನ್ನ ಕಪ್ಪಿನಿಂದ ಅರ್ಧವನ್ನು ಅದರ ಕೆಳಗಿನ ಬಸಿಗೆ ಸುರಿದು ನನ್ನ ಕಡೆ ಸರಿಸಿದಳು. ನಾನು ಅಪ್ಪನ ಹೆಸರು ಹೇಳಿ ಕೈ ಹಿಂದೆ ಕಟ್ಟಿಕೊಂಡೆ.

“ಕಪ್ಪಿನಾಗ ಕುಡದ್ರ ಚಾ, ಬೇಟಿ. ಬಸಿಯಾಗ ಕುಡದ್ರ ಬರೇ ರುಚಿ ನೋಡಿದಂಗ” ಎಂದಳು ಖಾಲಾ.

ಇಷ್ಟು ಸ್ಪಷ್ಟವಾದ ತೀರ್ಪನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವತ್ತಿನಿಂದ ಹತ್ತನೇತ್ತೆ ಮುಗಿಯುವವರೆಗೆ, ಸುಮಾರು ಆರು ವರ್ಷ, ನಾನು ದಿನಾ ಸಂಜೆ ರುಚಿ ನೋಡಿದೆ. ಚಹಾ ಕುಡಿದೆಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುವಾಗ ನನ್ನ ದನಿ ಒಂದಿಷ್ಟೂ ಅಲುಗುತ್ತಿರಲಿಲ್ಲ. ಆದರೂ ಮನೆಗೆ ಹೋಗುವ ಮೊದಲು ಹಿತ್ತಲಿನ ಹುಣಸೆ ಚಿಗುರನ್ನು ಬಾಯಿತುಂಬ ಅಗಿದು ಹೋಗುತ್ತಿದ್ದೆ. ತೀರ್ಪಿನ ಮೇಲೆ ಪೂರ್ತಿ ಭರವಸೆ ಇರಲಿಲ್ಲವೆಂದು ಕಾಣುತ್ತದೆ.

ರಂಜಾನ್ ತಿಂಗಳಿನದೊಂದು ಸಂಗತಿ ನೆನಪಿದೆ. ಖಾಲಾ ರೋಜಾ ಇರುತ್ತಿದ್ದಳು, ಹಗಲಿಡೀ ಗುಟುಕು ನೀರೂ ಇಲ್ಲ. ಆದರೆ ಸೂಜಿ ಪೋಣಿಸಲು ಬಂದ ಹುಡುಗಿಯನ್ನು ಬರಿಬಾಯಲ್ಲಿ ಕಳಿಸುವುದು ಆಕೆಗೆ ಒಗ್ಗದು. ನನಗಾಗಿ ಚಹಾ ಕಾಯಿಸಿ ಬಸಿಗೆ ಹಾಕಿಕೊಟ್ಟು, ತಾನು ಗೋಡೆಗೆ ಒರಗಿ ನಾನು ಕುಡಿಯುವುದನ್ನು ನೋಡುತ್ತ ಕೂಡುತ್ತಿದ್ದಳು. ಒಂದು ದಿನ ಸಕ್ಕರೆಯ ಡಬ್ಬಿ, ಉಪ್ಪಿನ ಡಬ್ಬಿ ಅದಲುಬದಲಾದವು. ರುಚಿ ನೋಡುವಂತಿಲ್ಲವಲ್ಲ, ಆಕೆಗೆ ಗೊತ್ತಾಗಲಿಲ್ಲ. ನಾನು ಮೊದಲ ಗುಟುಕಿಗೇ ಬೆವರಿದೆ. ಆಕೆ ಎದುರಿಗೆ ಹಸಿದುಕೊಂಡು ಅಷ್ಟು ಪ್ರೀತಿಯಿಂದ ನೋಡುತ್ತಿದ್ದಾಳೆ, ಉಗುಳುವುದು ಹೇಗೆ? ಕಣ್ಣು ಮುಚ್ಚಿ ಪೂರ್ತಿ ಮುಗಿಸಿದೆ. ಸಂಜೆ ರೋಜಾ ಬಿಟ್ಟಮೇಲೆ ಉಳಿದ ಚಹಾ ಬಾಯಿಗಿಟ್ಟಾಗ ಆಕೆಗೆ ನಿಜ ತಿಳಿಯಿತು. ಮರುದಿನ ಯಾಕೆ ಹೇಳಲಿಲ್ಲ ಎಂದು ಗದರಿಸಿದಳು. ರಂಜಾನ್ ತಿಂಗಳ ಚಹಾ ಹೀಗೇ ಇರುತ್ತದೆ ಎಂದುಕೊಂಡೆ ಎಂದೆ. ಖಾಲಾ ಸೂಜಿ ಕೆಳಗಿಟ್ಟು ನಕ್ಕಳು. ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. ನೀರು ಕುಡಿಯುವಂತಿಲ್ಲ, ಬಿಕ್ಕಳಿಕೆ ನಿಲ್ಲುವಂತಿಲ್ಲ. ಅವತ್ತು ಕೌದಿಯ ಒಂದು ಸಾಲೂ ಮುಂದೆ ಹೋಗಲಿಲ್ಲ.

ಹತ್ತನೇತ್ತೆ ಪಾಸಾದೆ. ಅಪ್ಪ ಮಾತಿಗೆ ತಪ್ಪುವವನಲ್ಲ. ಪೇಟೆಯಿಂದ ಅಂಚಿಗೆ ನೀಲಿ ಗೆರೆಯಿದ್ದ ಹೊಸ ಕಪ್ಪು-ಬಸಿ ತಂದ. ಓಣಿಯ ಹಿರಿಯಳೆಂದು ಖಾಲಾನನ್ನೂ ಕರೆದ. ಪಡಸಾಲೆಯಲ್ಲಿ ಕಂಬಳಿ ಹಾಸಿ, ನಡುವೆ ನನ್ನನ್ನು ಕೂಡಿಸಿ, ತಾನೇ ಒಲೆಯ ಮುಂದೆ ಕುಳಿತು ಚಹಾ ಮಾಡಿದ. ಜೀವನದಲ್ಲಿ ಅವನು ಒಲೆ ಹಚ್ಚಿದ್ದು ಅದೇ ಮೊದಲು ಎಂದು ಕಾಣುತ್ತದೆ. ಹೊಗೆಗೆ ಕಣ್ಣು ಕೆಂಪಾಗಿದ್ದವು. ಕಪ್ಪನ್ನು ನನ್ನ ಮುಂದಿಟ್ಟು, ಇನ್ನು ನೀನು ದೊಡ್ಡವಳು, ಕುಡಿ ಎಂದ.

ನಾನು ಹಿಂದಿನ ದಿನದಿಂದಲೇ ತಾಲೀಮು ಮಾಡಿದ್ದೆ. ಮೊದಲ ಗುಟುಕಿಗೆ ನಾಲಿಗೆ ಸುಟ್ಟವರಂತೆ ಮಾಡಬೇಕು, ಕಹಿ ಅನ್ನಬೇಕು, ಇದನ್ನು ಮಂದಿ ಹೇಗೆ ಕುಡಿಯುತ್ತಾರೋ ಎಂಬಂತೆ ಎಲ್ಲರ ಮುಖ ನೋಡಬೇಕು. ಎಲ್ಲ ಸರಿಯಾಗಿ ನೆನಪಿತ್ತು. ಆದರೆ ಕೈಗೆ ಯಾರು ಹೇಳಿಕೊಡಬೇಕು? ಅದು ಕಪ್ಪನ್ನು ಎತ್ತಿ, ಒಂದು ಹನಿ ಚೆಲ್ಲದಂತೆ ಬಸಿಗೆ ಬಗ್ಗಿಸಿ, ಬಸಿಯನ್ನು ಐದು ಬೆರಳ ತುದಿಯ ಮೇಲೆ ಕೂಡಿಸಿ, ಸಣ್ಣಗೆ ಊದಿ, ಸುರ್ ಎಂದು ಎಳೆದುಬಿಟ್ಟಿತು. ಆಮೇಲೆ ಟೋಸ್ಟನ್ನು ಅದ್ದಿ, ಮುರಿದು ಬೀಳುವ ಒಂದು ಗಳಿಗೆ ಮೊದಲು ಎತ್ತಿ ಬಾಯಿಗೆ ಹಾಕಿಕೊಂಡೆ. ಖಾಲಾ ಸೂರಿನ ಕಡೆ ನೋಡುತ್ತಿದ್ದಳು.

ಅಪ್ಪ ಏನೂ ಆಗದವನಂತೆ ಆಕೆಯ ಕಡೆ ತಿರುಗಿ, “ಸಕ್ಕರಿ ಎಷ್ಟ್ ಚಮಚ ಹಾಕ್ತಿದ್ರಿ ಖಾಲಾ?” ಎಂದು ಕೇಳಿದ.

“ದೀಡ್ ಚಮಚಾರಿ, ಮಾಸ್ತರ್” ಎಂದಳು ಖಾಲಾ. ಹೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪ ಎದ್ದು ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದು, ಒಂದೂವರೆ ಆಗಲೆಂದು ನನ್ನ ಬಸಿಗೆ ಇನ್ನೊಂದು ಅರ್ಧ ಚಮಚ ಹಾಕಿದ. ಅಷ್ಟೇ. ಅವ್ವ ಮಾತ್ರ ವಾರದವರೆಗೆ ನನ್ನೊಂದಿಗೂ ಖಾಲಾನೊಂದಿಗೂ ಮಾತು ಬಿಟ್ಟಿದ್ದಳು. ನಾವಿಬ್ಬರೂ ಮೋಸ ಮಾಡಿದೆವೆಂದಲ್ಲ, ತನ್ನನ್ನು ಒಮ್ಮೆಯೂ ಕರೆಯಲಿಲ್ಲವೆಂದು.

ಇಷ್ಟೆಲ್ಲ ನೆನಪಾದ ಮೇಲೆ ಎಂಟು ಪ್ಯಾಕೆಟ್ ಹಿಡಿದು ಭಾಷಣ ಮಾಡುವುದು ಯಾವ ಬಾಯಿಂದ? ಅಪ್ಪನಿಗೆ ಫೋನು ಮಾಡಿದೆ. ಅವನೀಗ ಕೊಪ್ಪಳದಲ್ಲಿ ತಮ್ಮನ ಮನೆಯಲ್ಲಿದ್ದಾನೆ, ಮೊಮ್ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುತ್ತ ಅವರನ್ನು ಗೋಳು ಹುಯ್ದುಕೊಳ್ಳುತ್ತಿದ್ದಾನೆ. ಮೊಮ್ಮಗಳ ಸಂಗತಿ ಹೇಳಿದೆ. ಗಾಬರಿಯಾಗುತ್ತಾನೆ ಎಂದುಕೊಂಡಿದ್ದೆ, ಆತ ಪ್ಯಾಕೆಟ್ ಎಷ್ಟಿದ್ದವು, ಎಲ್ಲಿಟ್ಟಿದ್ದಳು ಎಂದೆಲ್ಲ ಕುತೂಹಲದಿಂದ ವಿಚಾರಿಸಿದ. ಕೋನಮಾಪಕದ ಕೆಳಗೆ ಎಂದಾಗ ಜಾಗ ಛಲೋ ಹುಡುಕ್ಯಾಳ ಎಂದ. ಆಮೇಲೆ ನನ್ನ ಚಹಾ ಸಮಾರಂಭದ ಮಾತು ಬಂತು. ಅವತ್ತು ಸಿಕ್ಕಿಬಿದ್ದೆನಲ್ಲ ಎಂದು ನಾನು ನಕ್ಕೆ.

“ಅವತ್ತ ಏನ್ ಸಿಕ್ಕಿಬಿದ್ದಿ. ನನಗ ಮೊದಲಿಂದ್ಲೂ ಗೊತ್ತಿತ್ತು” ಎಂದ ಅಪ್ಪ. “ಮಗ್ಗಿ ಹೇಳುಮುಂದ ನಿನ್ನ ಬಾಯಿಗೆ ಶುಂಠಿ ವಾಸನಿ ಬರ್ತಿತ್ತು.”

ಹುಣಸೆ ಚಿಗುರಿನ ಮೇಲಿನ ಮೂವತ್ತು ವರ್ಷದ ನಂಬಿಕೆ ಒಂದೇ ಮಾತಿಗೆ ಹೋಯಿತು. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

“ಆಕಿ ಮನ್ಯಾಗ ಚಾ ಕುಡಿಯಾಕ ಎರಡನೇ ಮಂದಿ ಇರಲಿಲ್ಲವ್ವಾ. ಅರ್ಧ ಬಸಿ ಅಂತ ಗೊತ್ತಿತ್ತು, ಬಿಟ್ಟಿದ್ದೆ. ಅದಕ್ಕಿಂತ ಮ್ಯಾಲ ಹೋಗಿದ್ರ ಬಂದು ಹೇಳ್ತಿದ್ದೆ.”

ಖಾಲಾ ತೀರಿಕೊಂಡು ಬಹಳ ವರ್ಷಗಳಾದವು. ಫೋನು ಇಟ್ಟ ಮೇಲೆ ನಾನು ಆಕೆಯನ್ನು ನೆನೆದು ಸ್ವಲ್ಪ ಅತ್ತೆ, ಅದು ದುಃಖದ ಅಳುವೇನಲ್ಲ. ನಾನು ಹೋಗಿದ್ದು ಶುಂಠಿ ಚಹಾಕ್ಕೆ ಎಂದುಕೊಂಡಿದ್ದೆ. ಆ ಬಸಿಯ ಇನ್ನೊಂದು ಬದಿಯಲ್ಲಿ ಕುಳಿತವಳಿಗೆ ಅದು ಏನಾಗಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಸಂಜೆ ಸ್ಫೂರ್ತಿ ಬಂದಳು. ರಿಜಿಸ್ಟರಿನ ಮೇಲಿದ್ದ ಸ್ಕೇಲು ನೋಡಿದಳು, ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು. ಯಾಕೆ ಕುಡಿದೆ ಎಂದು ನಾನು ಕೇಳುತ್ತೇನೆಂದುಕೊಂಡು ಅದಕ್ಕೊಂದು ಉತ್ತರವನ್ನೂ ಹೊಂದಿಸಿಕೊಂಡಿದ್ದಳೆಂದು ತೋರುತ್ತದೆ. ನಾನು ಯಾರ ಜೊತೆ ಕುಡಿಯುತ್ತೀ ಎಂದು ಕೇಳಿದೆ.

ಆ ಪ್ರಶ್ನೆಗೆ ಅವಳಲ್ಲಿ ತಯಾರಿ ಇರಲಿಲ್ಲ. ಹೀಗಾಗಿ ನಿಜ ಹೇಳಿದಳು. ಬೆಳಿಗ್ಗೆ ಆರು ಗಂಟೆಗೆ ಗಣಿತದ ಟ್ಯೂಷನ್. ಆಫ್ರೀನ್, ಪಲ್ಲವಿ, ಸಿದ್ದಾಪುರದ ಹತ್ತಿರದ ತೆಲುಗು ರೈತರ ಕ್ಯಾಂಪಿನಿಂದ ಬಂದು ಇಲ್ಲಿ ಮಾವನ ಮನೆಯಲ್ಲಿದ್ದು ಓದುವ ಹರಿಣಿ, ಮತ್ತು ಇವಳು, ನಾಲ್ವರೂ ಮೊದಲ ಬೆಂಚಿನಲ್ಲೇ ತೂಕಡಿಸುತ್ತಿದ್ದರು. ಒಂದು ದಿನ ಹರಿಣಿ ಮಾವನ ಅಡುಗೆಮನೆಯಿಂದ ಎರಡು ಪ್ಯಾಕೆಟ್ ತಂದಳು. ಸ್ಟೀಲ್ ಬಾಟಲಿಯ ತಣ್ಣೀರಿಗೆ ಪುಡಿ ಸುರಿದು, ಮುಚ್ಚಳ ಬಿಗಿದು, ನಾಲ್ವರೂ ಸರತಿಯಂತೆ ಅಲುಗಾಡಿಸಿ, ಟ್ಯೂಷನ್ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಕುಡಿದರು. ಅಲ್ಲಿಂದ ಅದೇ ರೂಢಿಯಾಯಿತು. ವಾರಕ್ಕೊಬ್ಬರು ಪ್ಯಾಕೆಟ್ ತರುವ ಪಾಳಿ. ಆ ವಾರ ನಮ್ಮವಳ ಪಾಳಿ. ಡಬ್ಬಿ ಮರೆತದ್ದರಿಂದ ಅವತ್ತು ಯಾರಿಗೂ ಕಾಫಿಯಿಲ್ಲ, ಎಲ್ಲರೂ ಇವಳ ಮೇಲೆ ಸಿಟ್ಟಾಗಿದ್ದರು. ಈಚೆಗೆ ಒಂದು ಪ್ಯಾಕೆಟ್ ಸಾಲದೆ ಒಬ್ಬೊಬ್ಬರಿಗೆ ಎರಡಾಗಿತ್ತು. ಸಂಜೆ ಓದುವಾಗಲೂ ಒಂದು.

ರುಚಿ ಹೇಗಿರುತ್ತದೆ ಎಂದು ಕೇಳಿದೆ.

“ಕೆಟ್ಟದಾಗಿರ್ತೈತಿ ಮಮ್ಮಿ” ಎಂದಳು. “ಪುಡಿ ಕರಗಂಗೇ ಇಲ್ಲ, ಹಲ್ಲಿಗೆ ಹತ್ತತೈತಿ. ಆದ್ರ ಆ ಮೆಟ್ಲ ಮ್ಯಾಲ ನಾವು ನಾಲ್ಕೂ ಮಂದಿ ಭಾಳ ನಗ್ತೀವಿ.”

ಹೇಳುತ್ತ ಹೇಳುತ್ತ ಅವಳ ಬೆರಳುಗಳು ಸಣ್ಣಗೆ ನಡುಗುತ್ತಿದ್ದುದನ್ನು ನೋಡಿದೆ. ಎದೆ ಒಮ್ಮೊಮ್ಮೆ ಢವಢವ ಅನ್ನುತ್ತದೆ ಎಂದೂ ಹೇಳಿದಳು. ನನ್ನ ಧೈರ್ಯವೆಲ್ಲ ಅಲ್ಲಿಗೆ ಮುಗಿಯಿತು. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ನನ್ನ ವಯಸ್ಸಿನ ಹೆಣ್ಣುಮಗಳು, ನಾವು ಒಳಗೆ ಹೋದಾಗ ಆಕೆಯ ಮೇಜಿನ ಮೇಲೂ ಅರ್ಧ ಲೋಟ ಚಹಾ ಆರುತ್ತಿತ್ತು. ನನ್ನ ನೋಟ ಅದರ ಮೇಲೆ ಬಿದ್ದದ್ದು ಕಂಡು ಆಕೆ ಲೋಟವನ್ನು ಮೆಲ್ಲಗೆ ಬಿ.ಪಿ. ನೋಡುವ ಯಂತ್ರದ ಹಿಂದಕ್ಕೆ ಸರಿಸಿದರು. ಮಗಳ ನಾಡಿ ನೋಡಿ, ಎದೆ ಪರೀಕ್ಷಿಸಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಹೆದರುವಂಥದ್ದೇನಿಲ್ಲ ಎಂದರು. ನಿದ್ದೆ ಸಾಲದು, ಬೆಳಿಗ್ಗೆ ಹೊಟ್ಟೆಗೆ ಏನೂ ಇಲ್ಲದೆ ಇಷ್ಟೊಂದು ಕಾಫಿ ಬಿದ್ದರೆ ಎದೆ ಬಡಿದುಕೊಳ್ಳದೆ ಏನು ಮಾಡುತ್ತದೆ ಎಂದು ಅವಳನ್ನೇ ಕೇಳಿದರು. ಈ ವಯಸ್ಸಿಗೆ ಅದಿಲ್ಲದಿದ್ದರೆ ಒಳ್ಳೆಯದೇ. ಎಂದೋ ಒಂದು ದಿನ, ಉಂಡ ಮೇಲೆ, ಹೆಚ್ಚು ಹಾಲು ಹಾಕಿ ಅರ್ಧ ಲೋಟ ಕುಡಿದರೆ ಆಕಾಶ ಬೀಳುವುದಿಲ್ಲ. ಸಂಜೆಯ ಮೇಲಂತೂ ಬೇಡವೇ ಬೇಡ. ಅಂಗಡಿಯ ಆ ಡಬ್ಬಿ ಪಾನೀಯಗಳನ್ನು ಮುಟ್ಟಲೇಬಾರದು ಎಂದು ಗಟ್ಟಿಯಾಗಿ ಹೇಳಿದರು. ಔಷಧಿ ಬರೆಯಲಿಲ್ಲ. ರಾತ್ರಿ ಬೇಗ ಮಲಗು ಎಂದು ಚೀಟಿಯ ಮೇಲೆ ಬರೆದುಕೊಟ್ಟರು. ನನಗೂ ಏನಾದರೂ ಬರೆದುಕೊಡುತ್ತಾರೇನೋ ಎಂದು ಬೇಗ ಎದ್ದುಬಿಟ್ಟೆ.

ದಾರಿಯಲ್ಲಿ ತಾಯಿಗೂ ಮಗಳಿಗೂ ಒಪ್ಪಂದವಾಯಿತು. ಬಾಟಲಿ ಕಾಫಿ ಬಂದ್. ಬೆಳಿಗ್ಗೆ ಏನಾದರೂ ತಿಂದೇ ಟ್ಯೂಷನ್‌ಗೆ ಹೋಗಬೇಕು. ಅದರ ಬದಲು ಪ್ರತಿ ಭಾನುವಾರ ಟ್ಯೂಷನ್ ಮುಗಿಸಿ ನಾಲ್ವರೂ ನಮ್ಮ ಮನೆಗೆ ಬರಬಹುದು. ಮಂಡಕ್ಕಿ ವಗ್ಗರಣಿ, ಮಿರ್ಚಿ ಭಜಿ ಮಾಡುತ್ತೇನೆ, ತಿಂದ ಮೇಲೆ ಅರ್ಧ ಲೋಟ ಹಾಲುಗಾಫಿ. ಸ್ಫೂರ್ತಿ ಒಂದೇ ಒಂದು ಷರತ್ತು ಹಾಕಿದಳು. ಉಳಿದವರ ಮನೆಯಲ್ಲಿ ಪ್ಯಾಕೆಟ್ಟಿನ ಸುದ್ದಿ ನಾನು ಹೇಳಕೂಡದು. ಅವರು ತಾವಾಗಿಯೇ ಬಿಡುತ್ತಾರೆ, ಅದರ ಜವಾಬ್ದಾರಿ ತನ್ನದು ಎಂದಳು. ನಾನು ಒಪ್ಪಿದೆ. ಒಪ್ಪಿದ್ದು ಎಷ್ಟು ಸರಿ ಎಂದು ಎರಡು ವಾರ ನಿದ್ದೆಗೆಟ್ಟೆ. ಅಂದರೆ ಈಗ ನಿದ್ದೆ ಇಲ್ಲದವಳು ನಾನಾದೆ.

ಮೊದಲ ಭಾನುವಾರ ನಾಲ್ವರೂ ಅಡುಗೆಮನೆಯ ನೆಲದ ಮೇಲೆ ಗುಂಡಾಗಿ ಕುಳಿತು ಒಂದು ದೊಡ್ಡ ಬುಟ್ಟಿ ಮಂಡಕ್ಕಿ ವಗ್ಗರಣಿ ಖಾಲಿ ಮಾಡಿದರು. ಪಲ್ಲವಿ ಒಬ್ಬಳೇ ಆರು ಮಿರ್ಚಿ ತಿಂದಳು. ಕಾಫಿ ಕೊಟ್ಟಾಗ ಹರಿಣಿ ಒಂದು ಗುಟುಕು ಎಳೆದು, ಇದರಲ್ಲಿ ಕಾಫಿ ಎಲ್ಲಿದೆ ಎಂದು ಲೋಟದ ತಳ ಹುಡುಕಿದಳು. ಎಷ್ಟು ಹಾಲು ಹಾಕಿದ್ದೆನೆಂದರೆ ಬಣ್ಣ ಬದಲಾದದ್ದಷ್ಟೇ ಲಾಭ. ಆದರೂ ಲೋಟ ಯಾರೂ ಕೆಳಗಿಡಲಿಲ್ಲ. ಸ್ವಲ್ಪ ಹೊತ್ತಿಗೆ ಆಂಟಿ, ನಿಮಗೆ ಹೊರಗೆ ಕೆಲಸವೇನೂ ಇಲ್ಲವೇ ಎಂದು ಬಹಳ ವಿನಯದಿಂದ ಕೇಳಿದರು. ನನ್ನ ಅಡುಗೆಮನೆಯಿಂದ ನನ್ನನ್ನೇ ಹೊರಗೆ ಹಾಕಿದರು ಎಂದು ತಿಳಿಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮೂರನೇ ಭಾನುವಾರ ಆಫ್ರೀನಳ ತಾಯಿ ಶಬಾನಾ ಬಂದರು. ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಅಂಗಡಿ ಅವರದು, ನನ್ನ ಎರಡು ಜಂಪರ್ ಅಲ್ಲಿ ಹೊಲಿಸಿದ್ದರಿಂದ ಮುಖಪರಿಚಯ ಇತ್ತು. ಅವತ್ತಿನ ಮುಖ ಬೇರೆಯೇ ಇತ್ತು. ಕೂಡ್ರಿ ಎಂದರೆ ಕೂಡಲಿಲ್ಲ.

“ನಾ ಮನ್ಯಾಗ ಆಕಿಗೆ ಚಾ ಸೈತ ಕೊಡಂಗಿಲ್ರಿ. ನೀವು ಕರದು ಕಾಫಿ ಕುಡಿಸಾಕತ್ತೀರಿ. ಓದಿದಾರ ನೀವು, ನಿಮಗ ಗೊತ್ತಾಗಬಾರದೇನ್ರಿ?”

ಮಾತಿನಲ್ಲಿ ತಪ್ಪಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ನಿಮ್ಮ ಮಗಳು ತಿಂಗಳಿಂದ ತಣ್ಣೀರಿಗೆ ಪುಡಿ ಕಲಸಿ ಕುಡಿಯುತ್ತಿದ್ದಳು, ನಾನು ಅದನ್ನು ಬಿಡಿಸಲು ಹೀಗೆ ಮಾಡಿದ್ದು ಎಂದು ಒಂದು ಮಾತು ಅಂದರೆ ನಾನು ಗೆಲ್ಲುತ್ತಿದ್ದೆ. ಆದರೆ ಮಾತು ಕೊಟ್ಟಿದ್ದೆನಲ್ಲ. ಅಡುಗೆಮನೆಯ ಬಾಗಿಲ ಸಂದಿಯಿಂದ ಸ್ಫೂರ್ತಿ ನನ್ನನ್ನೇ ನೋಡುತ್ತಿದ್ದಳು. ಒಳಗೆ ನಗು ನಿಂತುಹೋಗಿತ್ತು. ಶಬಾನಾ ಅವರಿಗೆ ನಾನು ತಪ್ಪು ನನ್ನದೇ, ನಿಮ್ಮನ್ನು ಕೇಳದೆ ಕೊಡಬಾರದಿತ್ತು ಎಂದೆ. ಅದೂ ನಿಜವೇ. ಹೇಳುವಾಗ ಕಿವಿ ಬಿಸಿಯಾಯಿತು. ಹೆಡ್‌ಮಾಸ್ತರನ ಮಗಳು, ಗ್ರಂಥಪಾಲಕಿ, ಮಂದಿಯ ಮಕ್ಕಳನ್ನು ಕೆಡಿಸಿದವಳು ಎಂಬ ಹೆಸರು ಇನ್ನು ಟೇಲರ್ ಅಂಗಡಿಯಿಂದ ಊರಿಗೆಲ್ಲ ಹೋಗುತ್ತದೆ ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಆ ನಾಲ್ವರ ಗುಂಪು ಇವತ್ತಿಗೆ ಒಡೆಯುತ್ತದಲ್ಲ ಎಂದು ಅಡುಗೆಮನೆಯ ಕಡೆ ನೋಡಿದೆ.

ಆಗ ಬಾಗಿಲು ತೆರೆದು ಆಫ್ರೀನ್ ಹೊರಗೆ ಬಂದಳು. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ತಾಯಿಯ ಮುಂದೆ ನಿಂತು, ಪ್ಯಾಕೆಟ್ಟು, ಬಾಟಲಿ, ಪಾಳಿ, ಮೆಟ್ಟಿಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೊನೆಗೆ, “ಆಂಟಿ ಸುಮ್ನ ತಮ್ಮ ಮ್ಯಾಲ ಹಾಕ್ಕೊಂಡ್ರು ಅಮ್ಮಿ. ಅವ್ರಿಗೆ ಬೈಬ್ಯಾಡ” ಎಂದಳು.

ಶಬಾನಾ ಒಂದು ಗಳಿಗೆ ಮಗಳನ್ನು ನೋಡಿದರು. ಆಮೇಲೆ ನನ್ನನ್ನು. ಆಮೇಲೆ ಮೆಲ್ಲಗೆ ಕುರ್ಚಿ ಎಳೆದು ಕುಳಿತರು. ತಣ್ಣೀರಿನಲ್ಲಾ ಎಂದು ಕೇಳಿದರು. ಹೌದು ಎಂದಳು ಮಗಳು. ಸಕ್ಕರೆ ಎಂದರು. ಇಲ್ಲ ಎಂದಳು. ತಾಯಿಯ ಮುಖದ ಮೇಲೆ ಎಂಥ ಅಸಹ್ಯ ಮೂಡಿತೆಂದರೆ, ಕದ್ದು ಕುಡಿದದ್ದಕ್ಕಿಂತ ಇಷ್ಟು ಕೆಟ್ಟದ್ದನ್ನು ಕುಡಿದದ್ದೇ ದೊಡ್ಡ ಅಪರಾಧವಾಗಿತ್ತು. ಒಳಗಿದ್ದ ಪಲ್ಲವಿಗೆ ನಗು ತಡೆಯಲಾಗಲಿಲ್ಲ. ಅದು ಹೊರಗೆ ಸಿಡಿದದ್ದೇ ತಡ, ಶಬಾನಾ ಕೂಡ ನಕ್ಕುಬಿಟ್ಟರು.

ಲೋಟದಲ್ಲಿ ಏನು ಕೊಡುತ್ತೀರಿ ತೋರಿಸಿ ಎಂದರು. ಕೊಟ್ಟೆ. ಕುಡಿದು, ಇದು ಹಾಲೇ ಎಂದು ತೀರ್ಮಾನಿಸಿದರು. ಒಂದು ಮಿರ್ಚಿ ತಿಂದರು. ಹಿಟ್ಟಿಗೆ ಸ್ವಲ್ಪ ಅಜಿವಾನ, ಅದೇ ಓಂಕಾಳು, ಬೇಕಿತ್ತು ಎಂದರು. ಮುಂದಿನ ಭಾನುವಾರ ತಾವೇ ಅಜಿವಾನ ಹಿಡಿದುಕೊಂಡು ಬಂದರು. ಹಿಟ್ಟು ಕಲಸುವುದು ನನ್ನ ಕೈಯಿಂದ ತಪ್ಪಿತು. ಅಷ್ಟರಲ್ಲಿ ಪಲ್ಲವಿಯೂ ಹರಿಣಿಯೂ ತಮ್ಮ ಮನೆಗಳಲ್ಲಿ ತಾವೇ ಹೇಳಿಬಿಟ್ಟಿದ್ದರು. ಅದರ ಮುಂದಿನ ವಾರ ಪಲ್ಲವಿಯ ತಾಯಿ ನೋಡಿ ಹೋಗಲು ಬಂದವರು ಮಧ್ಯಾಹ್ನದವರೆಗೆ ಕುಳಿತರು. ಆಮೇಲೆ ಹರಿಣಿಯ ಅತ್ತೆ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಎಲ್ಲರನ್ನೂ ನಗಿಸುವ ಹೆಂಗಸು.

ಹಾಗಾದರೆ ಮಕ್ಕಳಿಗೆ ಕಾಫಿ ಕೊಡಬೇಕೋ ಬೇಡವೋ? ನನ್ನನ್ನು ಕೇಳಬೇಡಿ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಅರ್ಧ ಲೋಟ, ತಿಂದ ಮೇಲೆ, ಎಲ್ಲರ ಎದುರಿಗೆ. ಇಷ್ಟಕ್ಕೆ ಮಗಳ ಬೆರಳಿನ ನಡುಕ ಹೋಗಿದೆ, ನಿದ್ದೆ ಬಂದಿದೆ. ಸಿಡುಕು ಇನ್ನೂ ಇದೆ. ಅದು ಕಾಫಿಯದಲ್ಲ, ವಯಸ್ಸಿನದು ಎಂದು ಈಗ ಗೊತ್ತಾಗಿದೆ.

ಈಗ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅವರು ನಾಲ್ವರು, ಪಡಸಾಲೆಯಲ್ಲಿ ನಾವು ನಾಲ್ವರು. ನಮ್ಮದು ಅರ್ಧ ಲೋಟದ ಲೆಕ್ಕವಲ್ಲ, ಚಹಾದ ಪಾತ್ರೆ ಎರಡು ಸಲ ಒಲೆಗೇರುತ್ತದೆ. ಮೊನ್ನೆ ಹರಿಣಿಯ ಅತ್ತೆ ತಮ್ಮ ಮದುವೆಯಲ್ಲಿ ಮದುಮಗನ ಚಪ್ಪಲಿ ಕಳೆದು, ಆತ ಬೀಗರ ಚಪ್ಪಲಿ ಹಾಕಿಕೊಂಡು ಬಂದ ಕಥೆ ಹೇಳುತ್ತಿದ್ದರು. ಶಬಾನಾ ಗೋಡೆಗೆ ಆತುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು, ನನಗೆ ಉಸಿರು ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಸ್ಫೂರ್ತಿ ತಲೆ ಹೊರಗೆ ಹಾಕಿ, ಶಾಲೆಯ ಟೀಚರ್ ನೋಡುವ ಹಾಗೆ ನಮ್ಮನ್ನೆಲ್ಲ ಒಮ್ಮೆ ನೋಡಿದಳು.

“ಮಮ್ಮಿ, ಸ್ವಲ್ಪ ಸಣ್ಣ ದನಿಲೆ ನಗ್ರಿ” ಎಂದಳು. “ನಮಗ ಒಳಗ ಒಬ್ಬರ ಮಾತ ಒಬ್ಬರಿಗೆ ಕೇಳವಲ್ದು.”